ಒಳಗಿನ ಕಂಪ್ಯೂಟರಿಗೆ ಅಕ್ಕನ ಕಾಲು

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಹಾಗಂತ ಶಾಲು ಹೊದ್ದು ಕೂರುವಷ್ಟೂ ಇರಲಿಲ್ಲ. ಅಂಥ ದಿನಗಳ ಒಂದು ಮಂಗಳವಾರ, ಬೆಳಿಗ್ಗೆ ಏಳೂವರೆಗೆ, ಗುಬ್ಬಿ ಕಂಕುಳಲ್ಲಿ ಒಂದು ಕರಿ ಪೆಟ್ಟಿಗೆ ಇಟ್ಟುಕೊಂಡು ಭುಜದಿಂದಲೇ ಕಾರ್ಖಾನೆಯ ಬಾಗಿಲು ತಳ್ಳಿ ಒಳಗೆ ಬಂದಳು.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ರಸ್ತೆಗೆ ಮುಖ ಮಾಡಿದ ಉದ್ದನೆಯ ಒಂದು ಕೋಣೆ. ಅಲ್ಲಿ ಮಾಡುತ್ತಿದ್ದದ್ದು ಕಾಲಿನ ಅಚ್ಚು. ಶೂ ಹೊಲಿಯುವವರು ಚರ್ಮವನ್ನು ಯಾವ ಮರದ ಕಾಲಿನ ಮೇಲೆ ಎಳೆದು ಕೂರಿಸುತ್ತಾರೋ, ಆ ಮರದ ಕಾಲು. ಎಲ್ಲರ ಕಾಲಿನದೂ ಅಲ್ಲ. ಅಂಗಡಿಯ ಶೂ ಆಗದವರದು ಮಾತ್ರ. ಒಂದು ಕಾಲು ಗಿಡ್ಡ ಇದ್ದವರು, ಬೆರಳು ಕಳೆದುಕೊಂಡವರು, ಹಿಮ್ಮಡಿ ನೆಲ ಮುಟ್ಟದವರು, ಹೀಗೆ. ಅದನ್ನು ನಡೆಸುತ್ತಿದ್ದ ಮುದುಕನನ್ನು ಬೀದಿಯವರೆಲ್ಲ ಅಚ್ಚಜ್ಜ ಎನ್ನುತ್ತಿದ್ದರು. ಗುಬ್ಬಿಗೆ ಅವನು ದೊಡ್ಡಪ್ಪ. ಅವಳು ಅವನ ತಮ್ಮನ ಮಗಳು. ಮೂವತ್ತೆಂಟು ವಯಸ್ಸಾಗಿ, ಊರಿನ ಅರ್ಧ ಕಂಪ್ಯೂಟರುಗಳಿಗೆ ವೈದ್ಯೆಯಾಗಿದ್ದರೂ ಮನೆಯವರ ಬಾಯಲ್ಲಿ ಗುಬ್ಬಿಯೇ.

ಹಿಂದಿನ ವಾರ ಕಾರ್ಖಾನೆಯ ಹಳೇ ಕಂಪ್ಯೂಟರ್ ಒಂದು ಸಲ ಕೊಂಯ್ ಎಂದು, ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತ್ತು. ಇಪ್ಪತ್ತಮೂರು ವರ್ಷ ದುಡಿದ ಜೀವ. ಅದು ಹೇಳಿದಂತೆ ಮರ ಕೊರೆಯುವುದು ಮಾತ್ರ ಮೂಲೆಯ ಲೇತಿಗೆ ಗೊತ್ತಿತ್ತು. ಈಗ ಹೇಳುವವರಿಲ್ಲದೆ ಲೇತು ಸುಮ್ಮನೆ ನಿಂತಿತ್ತು. ಪುಣ್ಯಕ್ಕೆ ಡಿಸ್ಕೊಂದು ಉಳಿದಿತ್ತು. ಒಂಬತ್ತು ಸಾವಿರ ಜನರ ಕಾಲಿನ ಅಳತೆಗಳೆಲ್ಲ ಅದರಲ್ಲಿದ್ದವು.

ಗುಬ್ಬಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ತಂತಿಗಳನ್ನು ಬಿಡಿಸುತ್ತ ಹೇಳಿದಳು: "ಹೊಸ ಕಂಪ್ಯೂಟರಿಗೆ ನಿಮ್ಮ ಹಳೇ ಪ್ರೋಗ್ರಾಮಿನ ಮಾತು ಅರ್ಥ ಆಗಲ್ಲ ದೊಡ್ಡಪ್ಪ. ಅದಕ್ಕೇ ಇದರ ಹೊಟ್ಟೆಯೊಳಗೆ ಒಂದು ಹಳೇ ಕಂಪ್ಯೂಟರ್ ಕೂತಿದೆ ಅನ್ನೋ ಹಾಗೆ ನಾಟಕ ಆಡಿಸ್ತೀನಿ. ವರ್ಚುವಲ್ ಮಷಿನ್ ಅಂತಾರೆ."

"ಬಸುರಿ ಅನ್ನು."

"ಹೂಂ, ಹಾಗೇ ಅಂದ್ಕೊಳ್ಳಿ."

"ಹೆರಿಗೆ ಯಾವಾಗ?"

"ಹೆರಿಗೆ ಇಲ್ಲ. ಅದು ಒಳಗೇ ಇದ್ದು ಒಳಗಿಂದಲೇ ಕೆಲಸ ಮಾಡುತ್ತೆ."

"ಪಾಪ," ಎಂದ ಅಚ್ಚಜ್ಜ.

ಒಳಗಿನ ಕಂಪ್ಯೂಟರಿನ ಡಿಸ್ಕೂ ನಾಟಕದ್ದೇ ಎಂದು ಅವಳು ವಿವರಿಸಿದಳು. ಹೊರಗಿನಿಂದ ನೋಡಿದರೆ ಅದು ಒಂದೇ ಒಂದು ದೊಡ್ಡ ಫೈಲು. ಡಿಸ್ಕ್ ಇಮೇಜ್ ಎಂದು ಅದರ ಹೆಸರು. ಒಳಗಿನದು ಅದನ್ನೇ ನಿಜವಾದ ಡಿಸ್ಕೆಂದು ನಂಬಿಕೊಂಡಿರುತ್ತದೆ. ಹಳೇ ಪ್ರೋಗ್ರಾಮನ್ನು ಅದರಲ್ಲಿ ಕೂರಿಸಿ, ಹಳೇ ಡಿಸ್ಕಿನಲ್ಲಿದ್ದ ಕಾಲುಗಳನ್ನೆಲ್ಲ ಅದಕ್ಕೆ ತುಂಬಿಸಿದರೆ ಆಯಿತು.

"ಕರೆಂಟು ಹೋದರೆ?" ಅಚ್ಚಜ್ಜ ಕೇಳಿದ. ಹತ್ತೊಂಬತ್ತು ವರ್ಷದ ಹಿಂದೆ ಹಾಗೆ ಕರೆಂಟು ಹೋಗಿ ಮೂರು ದಿನದ ಕೆಲಸ ಗಾಳಿಗೆ ಹೋಗಿದ್ದನ್ನು ಅವನು ಮರೆತಿರಲಿಲ್ಲ. "ನೋಡು, ಒಂದಕ್ಷರ ಕಳೀಬಾರದು."

"ಆಯ್ತು ಮಾರಾಯ್ರೆ. ಒಂದೊಂದನ್ನೂ ಆಗಿಂದಾಗಲೇ ಡಿಸ್ಕಿಗೆ ಬರೆದು, ಬರೆದದ್ದು ಖಾತ್ರಿ ಮಾಡ್ಕೊಂಡೇ ಮುಂದಕ್ಕೆ ಹೋಗು ಅಂತ ಹೇಳಿಡ್ತೀನಿ," ಎಂದು ಗುಬ್ಬಿ ಎಲ್ಲೋ ಒಂದು ಕಡೆ ಗುರುತು ಹಾಕಿದಳು. ದೊಡ್ಡಪ್ಪನಿಗೆ ಹೊಸದೇನೂ ಕಲಿಯುವ ಕಷ್ಟ ಬೇಡವೆಂದು ಇನ್ನೊಂದು ಅನುಕೂಲವನ್ನೂ ಮಾಡಿಕೊಟ್ಟಳು: ಲೇತಿನ ಸ್ವಿಚ್ ಒತ್ತಿದರೆ ಸಾಕು, ಒಳಗಿನ ಕಂಪ್ಯೂಟರ್ ತಾನಾಗಿಯೇ ಎದ್ದು ಕೂರುತ್ತದೆ.

ಮಧ್ಯಾಹ್ನದ ಹೊತ್ತಿಗೆ ಲೇತು ಒಂದು ಹಾಳು ಮರದ ತುಂಡನ್ನು ಗುಂಡಗೆ ಕೊರೆದು ತೋರಿಸಿತು. ಎರಡು ಗಂಟೆಗೆ ಕಾಲುಗಳು ಒಳಕ್ಕೆ ಹೋಗತೊಡಗಿದವು. ಪರದೆಯ ಮೇಲೆ 'ಇನ್ನು ಮೂರು ಗಂಟೆ' ಎಂದು ಬಂತು. ಚಹಾ ಕುಡಿದು ಬರುವಷ್ಟರಲ್ಲಿ ಅದು 'ಇನ್ನು ಹನ್ನೊಂದು ದಿನ' ಆಗಿತ್ತು.

"ಇದೇನೇ ಇದು? ಮುಂದಕ್ಕೆ ಹೋಗ್ತಿದೆಯೋ ಹಿಂದಕ್ಕೋ?"

"ಅದಕ್ಕೂ ಲೆಕ್ಕ ಬರಲ್ಲ ಬಿಡಿ. ನಿಧಾನ ಆದ್ರೂ ಹೋಗಲಿ, ಅವಸರ ಏನಿದೆ?" ಎಂದಳು ಗುಬ್ಬಿ.

ಅಚ್ಚಜ್ಜ ಗೋಡೆಯ ಕ್ಯಾಲೆಂಡರಿನತ್ತ ನೋಡಿದ.

ಅವಸರವಿತ್ತು. ಬರುವ ಭಾನುವಾರ ಅವನ ಅಕ್ಕ ಊರು ಬಿಡುತ್ತಿದ್ದಳು. ಎಪ್ಪತ್ತಾರು ವರ್ಷದ ಅಕ್ಕ. ಎರಡು ಹಗಲು ದಾರಿಯಷ್ಟು ದೂರದಲ್ಲಿದ್ದ ಮಗಳ ಮನೆಗೆ, ಇನ್ನು ಅಲ್ಲೇ ಇರುವುದಕ್ಕೆ. ಆರನೇ ವಯಸ್ಸಿನಲ್ಲಿ ಬಂದ ಜ್ವರವೊಂದು ಅವಳ ಎಡಗಾಲನ್ನು ಎಳೆದು ಸಣ್ಣ ಮಾಡಿತ್ತು. ಆ ಕಾಲಿನ ಆಸುಪಾಸಿನಲ್ಲೇ ಅಚ್ಚಜ್ಜ ಬೆಳೆದದ್ದು. ಹಳೇ ಪತ್ರಿಕೆಯ ಮೇಲೆ ಅಕ್ಕನ ಪಾದ ಇಡಿಸಿ, ಇದ್ದಿಲಿನಿಂದ ಸುತ್ತ ಗೆರೆ ಎಳೆದು, ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಅಚ್ಚು ಮಾಡುವವನ ಬಾಗಿಲಿಗೆ ಹೋಗಿ ನಿಂತಾಗ ಅವನಿಗೆ ಹನ್ನೊಂದು ವರ್ಷ. ಹೋದವನು ಅಲ್ಲೇ ಕೆಲಸಕ್ಕೆ ಉಳಿದ.

ಅಲ್ಲಿಂದ ಇಲ್ಲಿಯವರೆಗೆ ಅಕ್ಕ ಅವನು ಮಾಡಿದ ಅಚ್ಚಿನ ಶೂ ಬಿಟ್ಟು ಬೇರೆ ಹಾಕಿದ್ದಿಲ್ಲ. ಅವಳ ಮರದ ಅಚ್ಚು ಮೊಳೆ ಹೊಡೆಸಿಕೊಂಡೂ ಹೊಡೆಸಿಕೊಂಡೂ ಕಳೆದ ವರ್ಷ ಸೀಳಿಹೋಗಿತ್ತು. ಹೊಸದು ಕೊರೆಯೋಣ, ನಾಳೆ ಕೊರೆಯೋಣ ಎಂದು ಮುಂದೂಡುತ್ತ ಬಂದಿದ್ದ. ಹೊಸದಾಗಿ ಅಳತೆ ತೆಗೆಯಬಹುದಲ್ಲ ಎನ್ನಬಹುದು. ಟೇಪು ಹಿಡಿದರೆ ಸಿಗುವುದು ನಿಂತ ಕಾಲು. ನಡೆಯುವ ಕಾಲು ಎಲ್ಲಿ ಉಜ್ಜುತ್ತದೆ, ಎಲ್ಲಿ ಕೂದಲೆಳೆಯಷ್ಟು ಸಡಿಲ ಬೇಕು, ಬಲಗಾಲು ಎಡಗಾಲಿನ ಭಾರವನ್ನೂ ಹೊತ್ತು ಹೇಗೆ ಹೊರಳಿದೆ, ಇವೆಲ್ಲ ವರ್ಷವರ್ಷ ಹಾಕಿ ತೆಗೆದು ತಿದ್ದಿದ್ದು. ಆ ತಿದ್ದುಪಡಿಗಳೆಲ್ಲ ಹಳೇ ಡಿಸ್ಕಿನಲ್ಲಿದ್ದವು. ಅಚ್ಚಿನ ಜೋಡಿಯೊಂದನ್ನು ಅಕ್ಕನ ಚೀಲಕ್ಕೆ ಹಾಕಿ ಕಳಿಸಿದರೆ ಅಲ್ಲಿ ಯಾವ ಶೂ ಹೊಲಿಯುವವನಾದರೂ ಹೊಲಿದುಕೊಟ್ಟಾನು. ಇಲ್ಲದಿದ್ದರೆ ಕಾಲಲ್ಲಿರುವ ಜೋಡಿ ಸವೆಯುವವರೆಗೆ ನಡೆದಾಳು, ಆಮೇಲೆ ಕಿಟಕಿಯ ಪಕ್ಕದ ಕುರ್ಚಿ. ಅಚ್ಚಜ್ಜನಿಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು.

ಆದರೂ ಹೇಳಲಿಲ್ಲ. ಮನೆಯವರ ಕಾಲು ಕೊನೆಗೆ ಎನ್ನುವುದು ಅವನ ಗುರುವಿನ ಕಾಲದಿಂದ ಬಂದ ರೀತಿ. ದುಡ್ಡು ಕೊಟ್ಟು ಕಾದಿರುವವರನ್ನು ದಾಟಿಸಿ ಸ್ವಂತದವರನ್ನು ಮುಂದೆ ತಂದರೆ ಆ ಕೈಗೆ ಮರ ಒಲಿಯುವುದಿಲ್ಲ ಎನ್ನುತ್ತಿದ್ದ ಆ ಗುರು. ಕಂಪ್ಯೂಟರ್ ಬಂದ ಕಾಲಕ್ಕೆ ಹಳೇ ಚೀಟಿಗಳನ್ನೆಲ್ಲ ಅದಕ್ಕೆ ಏರಿಸುವಾಗಲೂ ಹಾಗೇ. ಮೂರು ಸಾವಿರದ ಐದು ಜನ ಆದ ಮೇಲೆ ಅಕ್ಕ, ಮೂರು ಸಾವಿರದ ಆರು. ಅಲ್ಲಿ ಹೆಸರಿಲ್ಲ, ಬರೀ ನಂಬರು. ಯಾವ ನಂಬರು ಯಾರ ಕಾಲು ಎನ್ನುವುದು ಅಚ್ಚಜ್ಜನ ತಲೆಯಲ್ಲಿತ್ತು.

ಬುಧವಾರ ಬೆಳಿಗ್ಗೆ ಬಂದು ಪರದೆಯ ನಂಬರು ನೋಡಿದ. ಆರುನೂರ ಹನ್ನೆರಡು. ಅಕ್ಕ ಇನ್ನೂ ಬಹಳ ದೂರದಲ್ಲಿದ್ದಳು.

"ಗುಬ್ಬೀ, ಇದನ್ನು ಸ್ವಲ್ಪ ಚುರುಕು ಮಾಡಕ್ಕಾಗಲ್ವೇನೇ?"

"ಯಾಕೆ, ನಿಮಗೇನು ಗಡಿಬಿಡಿ?"

"ಗಡಿಬಿಡಿ ಏನಿಲ್ಲ. ಸುಮ್ನೆ ಕೇಳಿದೆ."

ಗುಬ್ಬಿಗೂ ಛಲ ಹತ್ತಿತ್ತು. ತಂತಿ ಬದಲಿಸಿ ನೋಡಿದಳು, ಜಗ್ಗಲಿಲ್ಲ. ವೈರಸ್ ಕಾಯುವ ಪ್ರೋಗ್ರಾಮು ಪ್ರತಿ ಫೈಲನ್ನೂ ತಡೆದು ಜೇಬು ತಡಕುತ್ತಿದೆಯೇನೋ ಎಂದು ಅದನ್ನು ಮಲಗಿಸಿದಳು. ಒಂದು ಚೂರು ಹಗುರವಾಯಿತು ಅಷ್ಟೆ. ಆಮೇಲೆ ಎಲ್ಲವನ್ನೂ ನಿಲ್ಲಿಸಿ, ತನ್ನ ಬಳಿ ಇದ್ದ ಒಂದು ಸಿನಿಮಾವನ್ನು ಒಳಕ್ಕೆ ಕಳಿಸಿದಳು. ಅಷ್ಟು ದೊಡ್ಡ ಸಿನಿಮಾ ಎರಡು ನಿಮಿಷದಲ್ಲಿ ಒಳಗೆ ಹೋಗಿ ಕೂತಿತು.

"ನೋಡಿದ್ರಾ? ದಾರಿ ಚೆನ್ನಾಗೇ ಇದೆ. ಹೋಗೋರದ್ದೇ ತೊಂದರೆ," ಎಂದು ಕುರ್ಚಿ ತಿರುಗಿಸಿದಳು. "ದೊಡ್ಡಪ್ಪ, ನಿಜ ಹೇಳಿ, ಒಬ್ಬೊಬ್ಬರ ಕಾಲಿಗೆ ಎಷ್ಟು ಫೈಲು ಇಟ್ಟಿದ್ದೀರಿ?"

"ಬಂದಾಗಲೆಲ್ಲ ಒಂದೊಂದು. ಹಳೇದನ್ನ ಅಳಿಸಬಾರದು ನೋಡು. ಹಿಮ್ಮಡಿಗೆ ಬೇರೆ, ಬೆರಳಿಗೆ ಬೇರೆ, ಕಮಾನಿಗೆ ಬೇರೆ..."

"ಎರಡು ಲಕ್ಷದ ಮೂವತ್ತು ಸಾವಿರ ಫೈಲು! ಒಂದೊಂದೂ ಇಷ್ಟೇ ಇಷ್ಟು. ಈಗ ಗೊತ್ತಾಯ್ತು. ಒಂದು ಫೈಲು ಬಾಗಿಲಿಗೆ ಬರುತ್ತೆ. ಯಾರು ನೀನು, ಎಲ್ಲಿಂದ ಬಂದೆ ಅಂತ ಹೊರಗಿನದು ಕೇಳುತ್ತೆ. ಒಳಗಿನದು ಮತ್ತೆ ಅದನ್ನೇ ಕೇಳುತ್ತೆ. ಜಾಗ ಹುಡುಕುತ್ತೆ, ಹೆಸರು ಬರ್ಕೊಳ್ಳುತ್ತೆ, ಬರೆದದ್ದು ಖಾತ್ರಿ ಮಾಡ್ಕೊಳ್ಳುತ್ತೆ. ಆಮೇಲೇ ಮುಂದಿನವರು ಬನ್ನಿ ಅನ್ನೋದು. ಆ ಖಾತ್ರಿ ಗುರುತು ನೀವೇ ಹಾಕಿಸಿದ್ದು, ನೆನಪಿದೆಯಾ?"

ಅಚ್ಚಜ್ಜ ಗಡ್ಡ ತುರಿಸಿಕೊಂಡ. "ಅಂದ್ರೆ ಅಂಗಡಿಗೆ ಮೊಳೆ ತರಕ್ಕೆ ಹೋಗಿ ಒಂದೊಂದೇ ಮೊಳೆ ತಂದ ಹಾಗೆ."

"ಪ್ರತಿ ಮೊಳೆಗೂ ರಸೀದಿ ಹಾಕಿಸ್ಕೊಂಡು."

"ಹಾಗಾದ್ರೆ ಡಬ್ಬಿಗೆ ಹಾಕಿ ತಗೊಂಡ್ ಬಾ."

ಗುಬ್ಬಿ ಅವನನ್ನೇ ನೋಡಿದಳು. "ಇಷ್ಟು ವರ್ಷ ಎಲ್ಲಿದ್ರಿ ದೊಡ್ಡಪ್ಪ? ನನ್ನ ಅಂಗಡಿಗೆ ಬಂದು ಕೂರಬಾರದಿತ್ತಾ?"

ಗುರುವಾರವೆಲ್ಲ ಡಬ್ಬಿಯ ಕೆಲಸ. ಎರಡು ಲಕ್ಷ ಚಿಲ್ಲರೆ ಫೈಲುಗಳನ್ನು ಒಂದೇ ಮೂಟೆ ಕಟ್ಟಿದಳು. ಆದರೆ ಒಳಗಿನ ಹಳೇ ಕಂಪ್ಯೂಟರಿಗೆ ಅಷ್ಟು ದೊಡ್ಡ ಮೂಟೆಯ ಬಾಯಿ ಬಿಚ್ಚುವ ತಾಕತ್ತಿರಲಿಲ್ಲ. ಅದಕ್ಕೂ ಅವಳು ಉಪಾಯ ತೆಗೆದಳು. ಒಳಗಿನದನ್ನು ಪೂರ್ತಿ ಮಲಗಿಸಿಬಿಡುವುದು. ಅದರ ಡಿಸ್ಕ್ ಇಮೇಜನ್ನು ಹೊರಗಿನ ಕಂಪ್ಯೂಟರಿನಿಂದಲೇ, ಪಕ್ಕದ ಕೋಣೆಯ ಕಪಾಟು ತೆರೆದ ಹಾಗೆ ತೆರೆಯುವುದು. ಖಾತ್ರಿ ಗುರುತನ್ನು ಸದ್ಯಕ್ಕೆ ತೆಗೆದಿಟ್ಟು, ಮೂಟೆಯನ್ನು ನೇರವಾಗಿ ಆ ಕಪಾಟಿಗೇ ಸುರಿಯುವುದು. ಮಾಡುವ ಮೊದಲು, ಅಲ್ಲಿಯವರೆಗೆ ಹೋಗಿದ್ದ ಕಾಲುಗಳನ್ನು ಅಳಿಸಿ, ಹಳೇ ಪ್ರೋಗ್ರಾಮು ಮಾತ್ರ ಉಳಿದ ಖಾಲಿ ಇಮೇಜಿನದೊಂದು ಪ್ರತಿಯನ್ನು ಬದಿಗೆ ಎತ್ತಿಟ್ಟಳು. ಸಂಜೆ ಐದಕ್ಕೆ ಸುರಿಯಲು ಬಿಟ್ಟಾಗ 'ಇನ್ನು ಹದಿನಾರು ಗಂಟೆ' ಎಂದು ಬಂತು, ಆ ಲೆಕ್ಕ ಮತ್ತೆ ಏರದೆ ಇಳಿಯುತ್ತಲೂ ಹೋಯಿತು.

"ಒಂದು ಮಾತು. ಹೊರಗಿಂದ ಕಪಾಟು ತೆಗೆದಿರುವಾಗ ಒಳಗಿನದು ಏಳಬಾರದು. ಒಂದೇ ಪುಸ್ತಕದಲ್ಲಿ ಇಬ್ಬರು ಬರೆದ ಹಾಗಾಗಿ ಎಲ್ಲಾ ಕಲಸಿಹೋಗುತ್ತೆ. ನಾನು ಬರೋವರೆಗೆ ಇದನ್ನ ಮುಟ್ಟಬೇಡಿ," ಎಂದು ಪರದೆಗೆ 'ಮುಟ್ಟಬಾರದು' ಎಂದು ದಪ್ಪಗೆ ಬರೆದ ಚೀಟಿ ಅಂಟಿಸಿ ಹೋದಳು.

ಅಚ್ಚಜ್ಜ ಅಂದು ಹಗುರ ಮನಸ್ಸಿನಿಂದ ನಿದ್ದೆ ಮಾಡಿದ. ಶುಕ್ರವಾರ ಆರು ಗಂಟೆಗೇ ಬಂದು, ಚೀಟಿ ಓದಿ, ಪರದೆಯಿಂದ ಎರಡು ಮಾರು ದೂರವೇ ನಿಂತ. ಕಸ ಗುಡಿಸಿದ. ಅಕ್ಕನಿಗೆಂದು ಎತ್ತಿಟ್ಟಿದ್ದ ಮರದ ಎರಡು ತುಂಡುಗಳನ್ನು ತೆಗೆದು ಗಂಟು ಇಲ್ಲವೆಂದು ಬೆರಳಾಡಿಸಿ ನೋಡಿದ. ಆಮೇಲೆ ಇಪ್ಪತ್ತಮೂರು ವರ್ಷದಿಂದ ಪ್ರತಿ ಬೆಳಿಗ್ಗೆ ಮಾಡುತ್ತಿದ್ದ ಕೆಲಸ ಮಾಡಿದ. ಚಳಿಗೆ ಎಣ್ಣೆ ಗಟ್ಟಿಯಾಗಿರುತ್ತದೆ, ಕೊರೆಯುವ ಮೊದಲು ಅರ್ಧ ಗಂಟೆ ಲೇತು ಬರಿದೇ ತಿರುಗಿ ಬೆಚ್ಚಗಾಗಬೇಕು. ಲೇತಿನ ಸ್ವಿಚ್ ಒತ್ತಿದ.

ಪರದೆಯ ಮೇಲೆ, ಚೀಟಿಯ ಹಿಂದೆ, ಒಳಗಿನ ಕಂಪ್ಯೂಟರ್ ಕಣ್ಣು ಬಿಟ್ಟು ಎದ್ದಿತು.

ಗುಬ್ಬಿ ಎಂಟಕ್ಕೆ ಬಂದವಳು ಬಾಗಿಲಲ್ಲೇ ಲೇತಿನ ಸದ್ದು ಕೇಳಿ ಚೀಲ ಕೆಳಗೆ ಬಿಟ್ಟಳು. ಓಡಿ ಹೋಗಿ ಚೀಟಿ ಕಿತ್ತು ನೋಡಿ, ಹಣೆಗೆ ಕೈ ಹಚ್ಚಿದಳು. ಅಚ್ಚಜ್ಜ ಲೇತು ನಿಲ್ಲಿಸಿದ.

"ನಾನು ಮುಟ್ಟಿಲ್ಲ ಕಣೇ. ಹತ್ತಿರಕ್ಕೂ ಹೋಗಿಲ್ಲ."

"ನೀವು ಮುಟ್ಟಿಲ್ಲ ದೊಡ್ಡಪ್ಪ. ತಪ್ಪು ನನ್ನದು. ಸ್ವಿಚ್ಚಿಗೆ ಅದನ್ನ ಕಟ್ಟಿದ್ದೇ ಮರೆತೆ." ಅವಳು ಕೀಲಿಗಳನ್ನು ಕುಟ್ಟುತ್ತ ಒಂದಷ್ಟು ಹೊತ್ತು ಹುಡುಕಾಡಿದಳು. "ಒಳಗೆಲ್ಲ ಚಿತ್ರಾನ್ನ ಆಗಿದೆ. ಮೂರನೇ ನಂಬರಿನ ಕಾಲು ಇನ್ಯಾರದೋ ಹಿಮ್ಮಡಿಯಲ್ಲಿದೆ. ಇರಲಿ, ಮೂಟೆ ಹೊರಗೆ ಭದ್ರವಾಗಿದೆ, ಖಾಲಿ ಪ್ರತಿಯೂ ಇದೆ. ಮೊದಲಿಂದ ಸುರಿಯೋಣ. ಈಗ ಬಿಟ್ರೆ ರಾತ್ರಿ ಒಂದಕ್ಕೆ ಮುಗಿಯುತ್ತೆ. ಆಮೇಲೆ ಎಲ್ಲಾ ಸರಿಯಾಗಿ ಕೂತಿದೆಯಾ ಅಂತ ಲೆಕ್ಕ ಹಾಕಿಸಬೇಕು, ಅದಕ್ಕೂ ಅಷ್ಟೇ ಹೊತ್ತು. ಶನಿವಾರ ಸಂಜೆ ಅನ್ನಿ."

ಅಚ್ಚಜ್ಜ ಮರದ ತುಂಡಿನ ಮೇಲೆ ಕೈಯಿಟ್ಟುಕೊಂಡು ಕೂತ. ಒಂದು ಕಾಲು ಕೊರೆಯಲು ಐದು ಗಂಟೆ ಬೇಕು. ಎರಡಕ್ಕೆ ಹತ್ತು. ಮೇಲಿನ ಮನೆಯಲ್ಲಿ ಎಳೇ ಕೂಸಿತ್ತು, ಸಂಜೆ ಆರರ ಮೇಲೆ ಲೇತು ಓಡಿಸುವುದಿಲ್ಲವೆಂದು ಅದರ ತಾಯಿಗೆ ಮಾತು ಕೊಟ್ಟಿದ್ದ. ಭಾನುವಾರ ಬೆಳಿಗ್ಗೆ ಬಸ್ಸು.

ಅಷ್ಟರಲ್ಲಿ ಬಾಗಿಲಲ್ಲಿ ಟಕ್, ಸರ್ ಎಂಬ ಸದ್ದು. ಅಚ್ಚಜ್ಜನಿಗೆ ತಲೆ ಎತ್ತಿ ನೋಡುವುದೇ ಬೇಕಿರಲಿಲ್ಲ.

"ಏನೋ ಇದು, ಇಬ್ಬರೂ ಮುಖ ಊದಿಸ್ಕೊಂಡು ಕೂತಿದ್ದೀರಿ?" ಅಕ್ಕ ಒಳಗೆ ಬಂದು ಎಂದಿನ ಸ್ಟೂಲಿನ ಮೇಲೆ ಕೂತು ಎಡಗಾಲು ನೀಡಿದಳು. "ಭಾನುವಾರ ಹೋಗೋಳು ನಾನು. ಅಳೋದಿದ್ರೆ ಆವತ್ತು ಅಳಿ, ಈಗಲೇ ಖರ್ಚು ಮಾಡಬೇಡಿ."

"ಅಲ್ಲ ಅತ್ತೆ, ದೊಡ್ಡಪ್ಪನ ಒಂಬತ್ತು ಸಾವಿರ ಕಾಲು ಬಾಗಿಲಲ್ಲೇ ನಿಂತಿವೆ," ಎಂದು ಗುಬ್ಬಿ ನಡೆದದ್ದನ್ನು ಹೇಳಿದಳು.

"ನಿಂತಿರಲಿ ಬಿಡೆ. ಕಾಲುಗಳಿಗೆ ನಿಲ್ಲೋದು ಅಭ್ಯಾಸವೇ. ಅದಕ್ಕೆ ಇವನ್ಯಾಕೆ ಹೀಗೆ ಕೂತಿದ್ದಾನೆ? ಲೋ, ಮೈ ಹುಷಾರಿದೆಯೇನೋ?"

"ಇದೆ."

"ಮತ್ತೆ?"

ಅಚ್ಚಜ್ಜನ ಕಣ್ಣು ಅಕ್ಕನ ನೀಡಿದ ಕಾಲಿನ ಮೇಲಿತ್ತು. ಆ ಶೂವಿನ ಹೊರ ಅಂಚು ಒಂದು ಕಡೆ ಸವೆದು ಬೆಳ್ಳಗಾಗಿತ್ತು. ಗುಬ್ಬಿ ಅವನನ್ನು ನೋಡಿದಳು, ಅವನು ನೋಡುತ್ತಿದ್ದ ಕಾಲನ್ನು ನೋಡಿದಳು, ಅವನ ಕೈಕೆಳಗಿನ ಎರಡು ಮರದ ತುಂಡುಗಳನ್ನು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ದೊಡ್ಡಪ್ಪ. ಈ ಒಂಬತ್ತು ಸಾವಿರದಲ್ಲಿ ನಿಮಗೆ ಈ ವಾರವೇ ಬೇಕಾಗಿದ್ದದ್ದು ಎಷ್ಟು?"

"ಒಂದು," ಎಂದ ಅಚ್ಚಜ್ಜ. "ಮೂರು ಸಾವಿರದ ಆರು."

"ಅಯ್ಯೋ ದೇವರೇ! ಮಂಗಳವಾರವೇ ಹೇಳಿದ್ರೆ ಅರ್ಧ ನಿಮಿಷದ ಕೆಲಸ ಅಲ್ವಾ! ಒಂದನ್ನ ಮೊದಲು ಕಳಿಸಿ ಉಳಿದದ್ದನ್ನ ಆಮೇಲೆ ಕಳಿಸಬಹುದಿತ್ತು. ಮೂರು ದಿನದಿಂದ ನಾನಿಲ್ಲಿ ಒದ್ದಾಡ್ತಿದ್ದೀನಿ, ನೀವು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀರಿ!"

"ಎಲ್ಲರೂ ಸಾಲಲ್ಲಿ ಇದ್ದಾರಲ್ಲೇ. ಮನೆಯವರು ಕೊನೆಗೆ."

ಅಕ್ಕನಿಗೆ ಈಗ ಅರ್ಥವಾಯಿತು. ನೀಡಿದ ಕಾಲನ್ನು ಒಳಕ್ಕೆ ಎಳೆದುಕೊಂಡಳು.

"ಅರವತ್ತು ವರ್ಷ ನಾನು ಕೊನೆಗೇ ನಿಂತೆ ಕಣೋ," ಎಂದಳು ಆಮೇಲೆ. "ಒಂದು ದಿನವೂ ಬೇಜಾರು ಮಾಡ್ಕೊಂಡಿಲ್ಲ. ಕೊನೇವಳಾದರೆ ನಿನ್ನ ಜೊತೆ ಕೂತು ಹರಟೆ ಹೊಡೆಯಬಹುದಿತ್ತು, ಹಿಂದೆ ಯಾರೂ ಅವಸರ ಮಾಡೋರು ಇರ್ತಿರಲಿಲ್ಲ. ಈಗ ಭಾನುವಾರದ ಬಸ್ಸು ಅವಸರ ಮಾಡ್ತಿದೆ. ನನ್ನನ್ನ ಒಂದು ಸಲ ಮುಂದೆ ಬಿಡು."

"ಹೇಳಿಬಿಟ್ರೆ..." ಅಚ್ಚಜ್ಜ ಕೈಯಲ್ಲಿದ್ದ ಮರದ ತುಂಡನ್ನು ತಿರುಗಿಸಿದ. "ಅಚ್ಚು ಕೊಟ್ಟು ಕಳಿಸ್ತೀನಿ ಅಂತ ಬಾಯಿಬಿಟ್ಟು ಹೇಳಿದ್ರೆ, ನೀನು ಹೋಗೋದು ಗಟ್ಟಿ ಅಂತ ನಾನೇ ಒಪ್ಪಿದ ಹಾಗಲ್ವೇನೇ ಅಕ್ಕಾ."

ಅಕ್ಕ ಕೈ ಚಾಚಿ ಅವನ ತಲೆಯ ಮೇಲಿದ್ದ ಮರದ ಹೊಟ್ಟನ್ನು ಕೊಡವಿದಳು. "ಪೆದ್ದ," ಎಂದಳು.

ಗುಬ್ಬಿ ಆಗಲೇ ಖಾಲಿ ಪ್ರತಿಯನ್ನು ಹೊರಗಿನಿಂದ ತೆರೆದಿದ್ದಳು. ಮೂರು ಸಾವಿರದ ಆರನೇ ನಂಬರಿನಲ್ಲಿ ನೂರ ನಲವತ್ತೊಂದು ಫೈಲುಗಳಿದ್ದವು. ಬೇರೆ ಯಾರ ಕಾಲಿಗೂ ಅಷ್ಟಿರಲಿಲ್ಲ. ಅದನ್ನು ಕಂಡು ಅವಳು ಇಬ್ಬರನ್ನೂ ಒಮ್ಮೆ ನೋಡಿದಳು. ಕಳಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವೂ ಒಳಗೆ. ಕಪಾಟು ಮುಚ್ಚಿ, ಮುಚ್ಚಿದ್ದನ್ನು ಮತ್ತೊಮ್ಮೆ ನೋಡಿ, "ಈಗ ಒಳಗಿನದನ್ನ ಎಬ್ಬಿಸಿ ದೊಡ್ಡಪ್ಪ. ನೀವೇ ಎಬ್ಬಿಸಿ," ಎಂದಳು.

"ಉಳಿದವರು?"

"ಒಳಗಿನದು ಕೆಲಸ ಮಾಡ್ತಿರುವಾಗ ಹೊರಗಿಂದ ಸುರಿಯಕ್ಕಾಗಲ್ಲ. ಅತ್ತೆಯದು ಮುಗಿಯೋವರೆಗೆ ಅವರೆಲ್ಲ ಕಾಯಬೇಕು."

ಅಚ್ಚಜ್ಜ ಒಂದು ಗಳಿಗೆ ಯೋಚಿಸಿದ. "ಕಾಯಲಿ. ಸೋಮವಾರದವರೆಗೆ ಕಾಯಲಿ."

ಶುಕ್ರವಾರ ಹತ್ತರಿಂದ ಮೂರರವರೆಗೆ ಎಡಗಾಲು. ಶನಿವಾರ ಬೆಳಿಗ್ಗೆ ಬಲಗಾಲು. ಎರಡೂ ದಿನ ಅಕ್ಕ ಮನೆಯಲ್ಲಿ ಬಟ್ಟೆ ಕಟ್ಟುವುದು ಬಿಟ್ಟು ಆ ಸ್ಟೂಲಿನ ಮೇಲೆ ಕೂತಿದ್ದಳು. ಮಗಳು ಫೋನು ಮಾಡಿ ಬೈದರೆ "ನನ್ನ ಕಾಲು ಹುಟ್ತಾ ಇದೆ ಕಣೇ, ಆಮೇಲೆ ಮಾಡು" ಎಂದು ಇಟ್ಟುಬಿಟ್ಟಳು. ಅಚ್ಚಜ್ಜ ಕೊರೆದದ್ದನ್ನು ಅರದಿಂದ ಉಜ್ಜಿ, ಮರಳು ಕಾಗದದಿಂದ ನಯ ಮಾಡಿ, ಎಣ್ಣೆ ಬಟ್ಟೆಯಿಂದ ಒರೆಸಿ ಎರಡನ್ನೂ ಅಕ್ಕನ ಮಡಿಲಿಗಿಟ್ಟ.

ಅವಳು ಎಡಗಾಲಿನ ಅಚ್ಚನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಬದಿ ನೋಡಿದಳು, ತಿರುಗಿಸಿ ಇನ್ನೊಂದು ಬದಿ ನೋಡಿದಳು. ತನ್ನ ಕಾಲನ್ನು ಜನರಿಂದ ಮುಚ್ಚಿಟ್ಟುಕೊಂಡೇ ಬಂದವಳು ಅವಳು.

"ಇದು ಇಷ್ಟು ಚೆನ್ನಾಗಿದೆಯೇನೋ?"

"ಹೂಂ," ಎಂದ ಅಚ್ಚಜ್ಜ. "ಮೊದಲಿಂದಲೂ."

"ಅತ್ತೆ, ಚೀಲ ತಪಾಸಣೆ ಮಾಡೋರು ಕೇಳಿದ್ರೆ ಏನಂತೀರಿ?" ಎಂದಳು ಗುಬ್ಬಿ.

"ಎರಡು ಕಾಲು ಹಾಕ್ಕೊಂಡಿದ್ದೀನಿ, ಎರಡು ಒಗೆದು ಇಟ್ಟಿದ್ದೀನಿ ಅಂತೀನಿ."

ಮರುದಿನ ಬಸ್ ನಿಲ್ದಾಣಕ್ಕೆ ಅಚ್ಚಜ್ಜನೇ ಆ ಚೀಲ ಹೊತ್ತುಕೊಂಡು ಬಂದ. ಮರದ ಕಾಲು ಭಾರವೆಂದು ಗುಬ್ಬಿ ಎಷ್ಟು ಕೇಳಿದರೂ ಕೊಡಲಿಲ್ಲ. ಅಕ್ಕ ಮೆಟ್ಟಿಲಿನ ಕಂಬಿ ಹಿಡಿದು, ಯಾರ ಕೈಯನ್ನೂ ಕೇಳದೆ, ಮೊದಲು ಬಲಗಾಲು ಆಮೇಲೆ ಎಡಗಾಲು ಇಟ್ಟು ಹತ್ತಿದಳು. ಕಿಟಕಿಯ ಪಕ್ಕ ಕೂತು ಚೀಲವನ್ನು ತೊಡೆಯ ಮೇಲೆ ಇರಿಸಿಕೊಂಡಳು. ಅಲ್ಲಿ ಹೊಲಿಯುವವನು ಒಳ್ಳೆಯವನು ಸಿಗದಿದ್ದರೆ ಬರೆಯುತ್ತೇನೆ ಎಂದಳು. ಬರೆಯದಿದ್ದರೂ ನಾನೇ ಬಂದು ನೋಡುತ್ತೇನೆ ಎಂದ ಅವನು. ಹತ್ತೂಕಾಲಕ್ಕೆ ಬಸ್ಸು ಕದಲಿತು. ಅಕ್ಕ ಹೊರಟದ್ದು ಭಾನುವಾರ, ಉಳಿದವರ ಸರದಿ ಬಂದದ್ದು ಸೋಮವಾರ.